ತೊಗಲಿನ ದಪ್ಪ ಅರಿಯದೆ ಹರಳಯ್ಯನವರ ಜಯಂತಿಯೆ?



ಪ್ರತಿ ವರ್ಷ ಕಾಯಕ ಶರಣರ ಜಯಂತಿ ಬರುತ್ತದೆ. ಮಾದಾರ ಚನ್ನಯ್ಯ, ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಉರಿಲಿಂಗ ಪೆದ್ದಿ ಈ ಐವರ ಭಾವಚಿತ್ರಗಳನ್ನು ಸಾಲಾಗಿಟ್ಟು ಮಾಲೆ ಹಾಕುತ್ತೇವೆ, ದೀಪ ಹಚ್ಚುತ್ತೇವೆ, ಭಾಷಣ ಮಾಡುತ್ತೇವೆ. ಐವರಲ್ಲಿ ನಾಲ್ವರ ಹೆಸರು ತೊಗಲಿನ ಕಾಯಕದೊಡನೆ ಬೆಸೆದುಕೊಂಡಿದೆ. ಹಾಗಿದ್ದೂ ವೇದಿಕೆಯ ಮೇಲಿರುವವರಿಗಾಗಲಿ, ಕೆಳಗೆ ಕುಳಿತವರಿಗಾಗಲಿ ಆ ಕಾಯಕದ ವಿಚಾರ ಏನು ಗೊತ್ತು? ಚಪ್ಪಲಿಯ ಅಟ್ಟೆಗೆ ಎಷ್ಟು ದಪ್ಪದ ತೊಗಲು ಬೇಕು, ಸೊಂಟದ ಬೆಲ್ಟಿಗೆ ಎಷ್ಟು, ಜೇಬಿನ ಪರ್ಸಿಗೆ ಎಷ್ಟು ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಹೇಳಿಯಾರು? ಕಾಯಕವನ್ನು ಹೊಗಳುತ್ತೇವೆ, ಕಾಯಕದ ಅರಿವನ್ನು ಮಾತ್ರ ಹತ್ತಿರ ಸೇರಿಸುವುದಿಲ್ಲ. ನನ್ನ ತಕರಾರು ಇದೇ.

ನಾನು ಚನ್ನರಾಯಪಟ್ಟಣದಲ್ಲಿ ಬೆಲ್ಟು, ಪರ್ಸು, ಚೀಲಗಳ ಸಣ್ಣ ಅಂಗಡಿ ಇಟ್ಟುಕೊಂಡಿರುವವನು. ನಮ್ಮದು ಲಿಂಗಾಯತ ಮನೆತನ, ತೆಂಗಿನ ತೋಟ ರಾಗಿ ಹೊಲ ನಂಬಿದವರು. ಅಂಗಡಿ ತೆರೆಯುತ್ತೇನೆಂದಾಗ ಹಿರಿಯ ನೆಂಟರೊಬ್ಬರು, "ಲಿಂಗ ಕಟ್ಕಂಡೋರು ತೊಗ್ಲು ಮಾರೋದೇನಪ್ಪ? ಜವಳಿ ಅಂಗಡಿ ಇಡಬಾರ್ದಿತ್ತಾ?" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ಆ ಹೊತ್ತಿನಲ್ಲಿ ಅವರ ಸೊಂಟದಲ್ಲಿದ್ದದ್ದು ತೊಗಲಿನ ಬೆಲ್ಟು. ಬಾಗಿಲಾಚೆ ಬಿಟ್ಟು ಬಂದದ್ದು ತೊಗಲಿನ ಚಪ್ಪಲಿ. ಕಟ್ಟಿಕೊಂಡರೆ, ಮೆಟ್ಟಿಕೊಂಡರೆ ಮೈಲಿಗೆಯಿಲ್ಲ. ಮಾಡಿದರೆ, ಮಾರಿದರೆ ಮೈಲಿಗೆ! ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಬೇರುಸಹಿತ ಕಿತ್ತೆಸೆಯಲು ಹೊರಟದ್ದು ಇದೇ ಲೆಕ್ಕಾಚಾರವನ್ನಲ್ಲವೆ?

ಹರಳಯ್ಯನವರ ಕತೆ ನಮ್ಮ ಮಕ್ಕಳಿಗೂ ಬಾಯಿಪಾಠ. ಅವರು ಶರಣು ಎಂದರೆ ಬಸವಣ್ಣನವರು ಮರಳಿ ಶರಣು ಶರಣಾರ್ಥಿ ಎಂದರು. ಆ ಹೆಚ್ಚಿನ ಒಂದು ಶರಣಿನ ಋಣ ತೀರಿಸಲು ಹರಳಯ್ಯ ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮವನ್ನೇ ತೆಗೆದು ಪಾದರಕ್ಷೆ ಮಾಡಿಕೊಟ್ಟರೆಂದು ಪರಂಪರೆ ಹೇಳುತ್ತದೆ. ಮುಂದೆ ಅವರ ಮಗ ಶೀಲವಂತನಿಗೂ ಮಧುವರಸರ ಮಗಳಿಗೂ ಮದುವೆಯಾದದ್ದು, ಆ ಒಂದು ಮದುವೆಗಾಗಿ ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾದದ್ದು, ಕಲ್ಯಾಣವೇ ಚದುರಿಹೋದದ್ದು ಎಲ್ಲರಿಗೂ ತಿಳಿದ ವಿಷಯ. ಈ ಕತೆಯನ್ನು ನಾವು ಭಕ್ತಿಯ ಕತೆಯಾಗಿ, ತ್ಯಾಗದ ಕತೆಯಾಗಿ ಹೇಳುತ್ತೇವೆ. ಸರಿಯೆ. ಆದರೆ ಹರಳಯ್ಯನವರು ತ್ಯಾಗಿಯಾಗುವುದಕ್ಕೆ ಮೊದಲು ಕಸುಬು ಬಲ್ಲವರು. ಯಾವ ತೊಗಲು ಯಾವುದಕ್ಕೆ ಒಗ್ಗುತ್ತದೆ, ಎಷ್ಟು ಹೆರೆದರೆ ಮೆತ್ತಗಾಗುತ್ತದೆ, ಎಷ್ಟು ಹೆರೆದರೆ ಹರಿದುಹೋಗುತ್ತದೆ ಎಂಬುದನ್ನು ಬೆರಳ ತುದಿಯಲ್ಲಿ ಅರಿತವರು. ಧೂಳಯ್ಯನವರಂತೂ ತಮ್ಮ ಕಸುಬಿನ ಮಾತುಗಳಲ್ಲೇ ಅನುಭಾವವನ್ನು ಹೇಳಿದರು. ಅರಿವಿಲ್ಲದ ಕೈಗೆ ಕಾಯಕ ದಕ್ಕುವುದಿಲ್ಲ. ಆ ಅರಿವನ್ನು ಬಿಟ್ಟು ಭಕ್ತಿಯನ್ನಷ್ಟೇ ಪೂಜಿಸಿದರೆ ಶರಣರಲ್ಲಿ ಅರ್ಧವನ್ನು ಮಾತ್ರ ಒಳಗೆ ಕರೆದಂತಾಗುತ್ತದೆ.

ಆ ಅರಿವು ಎಂಥದು ಎಂಬುದನ್ನು ನನಗೆ ಕಲಿಸಿದವರು ನಮ್ಮ ಕಡೆಯ ಆದಿಜಾಂಬವ ಸಮುದಾಯದ ಹಿರಿಯರೊಬ್ಬರು. ರಂಪಿಗೆ, ಉಳಿ, ಅಡಿಗಲ್ಲು ಇಷ್ಟೇ ಅವರ ಆಸ್ತಿ. ವಯಸ್ಸಿನಲ್ಲಿ ನನ್ನ ತಂದೆಗಿಂತ ದೊಡ್ಡವರು, ಆದರೂ ನನ್ನನ್ನು "ಬುದ್ಧಿ" ಎನ್ನುತ್ತಿದ್ದರು. "ಹಾಗನ್ನಬೇಡಿ ತಾತ" ಎಂದು ಎಷ್ಟು ಸಲ ಹೇಳಿದರೂ ನಾಲಿಗೆ ತಿರುಗುತ್ತಿರಲಿಲ್ಲ. ತಲೆಮಾರುಗಳ ಅಭ್ಯಾಸ ಅದು. ಒಂದು ದಿನ ಹದ ಮಾಡಿದ ಇಡೀ ತೊಗಲನ್ನು ಹಾಸಿ, ಅಂಗೈಯಲ್ಲಿ ಸವರುತ್ತಾ ಹೇಳಿದರು: "ನೋಡಿ ಬುದ್ಧಿ, ಬೆನ್ನ್ ಕಡೇದು ಒಂದ್ ಥರ, ಹೊಟ್ಟೆ ಕಡೇದು ಒಂದ್ ಥರ. ಹೊಟ್ಟೆ ತೊಗ್ಲಲ್ಲಿ ಬೆಲ್ಟ್ ಮಾಡುದ್ರೆ ಆರು ತಿಂಗ್ಳಿಗೆ ಹಾವಿನಂಗೆ ಉದ್ದಾಯ್ತದೆ. ಕತ್ತಿಂದು ಸುಕ್ಕು. ಬೆನ್ನಿಂದೇ ಬೆನ್ನಿಗಾಗೋದು."

ಅವರು ಹೇಳಿದ್ದು ಶಾಸ್ತ್ರಕ್ಕೂ ಸರಿಯೆ. ತೊಗಲು ಕಾಗದದಂತೆ ಒಂದೇ ಸಮನಾದ ವಸ್ತುವಲ್ಲ. ಮೇಲ್ಪದರ ಸಣ್ಣ ಎಳೆಗಳ ಒತ್ತಾದ ನೇಯ್ಗೆ. ನುಣುಪು, ಅಂದ ಎಲ್ಲ ಅಲ್ಲಿಯದು. ಅದರ ಕೆಳಗೆ ದಪ್ಪ ದಪ್ಪ ನಾರುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಎಳೆತವನ್ನು ತಡೆಯುವ ಬಲ ಹೆಚ್ಚಾಗಿ ಈ ಕೆಳಪದರದ್ದು. ಬೆನ್ನಿನ ಭಾಗದಲ್ಲಿ ಹೆಣಿಗೆ ಬಿಗಿ, ಹೊಟ್ಟೆಯ ಭಾಗದಲ್ಲಿ ಸಡಿಲ. ಎಮ್ಮೆಯ ತೊಗಲು 5 ಮಿಲಿಮೀಟರಿಗೂ ಮೀರಿ ದಪ್ಪವಿರಬಹುದು, ಆಡಿನದು ಸುಮಾರು 1 ಮಿಲಿಮೀಟರ್. ದಪ್ಪ ತೊಗಲನ್ನು ಯಂತ್ರದಲ್ಲಿ ಪದರ ಪದರವಾಗಿ ಸೀಳುತ್ತಾರೆ. ತೆಳುವಾಗಿ ಸೀಳಿದಷ್ಟೂ ಅಂದ ಉಳಿಯುತ್ತದೆ, ಬಲ ಕಡಿಮೆಯಾಗುತ್ತದೆ. ಆದ್ದರಿಂದ ಯಾವ ವಸ್ತುವಿಗೆ ಎಷ್ಟು ದಪ್ಪ ಎಂಬುದು ಬಾಯಿಗೆ ಬಂದ ಲೆಕ್ಕವಲ್ಲ. ಆ ವಸ್ತು ಎಷ್ಟು ಮಡಚಬೇಕು, ಎಷ್ಟು ಭಾರ ಹೊರಬೇಕು, ಎಷ್ಟು ಸವೆಯಬೇಕು ಎಂಬುದರ ಮೇಲೆ ನಿಂತಿರುವ ತೀರ್ಮಾನ.

ಓದುಗರು ತಾವೇ ಪರೀಕ್ಷಿಸಲು ಒಂದು ಸುಲಭದ ಅಳತೆ ಹೇಳುತ್ತೇನೆ. ನಮ್ಮೆಲ್ಲರ ಜೇಬಿನಲ್ಲಿರುವ ಎಟಿಎಂ ಕಾರ್ಡಿನ ದಪ್ಪ ಎಲ್ಲ ಬ್ಯಾಂಕಿನದೂ ಒಂದೇ, 0.76 ಮಿಲಿಮೀಟರ್. ಪರ್ಸಿನ ಒಳಪದರಕ್ಕೆ ಹೆಚ್ಚುಕಡಿಮೆ ಒಂದು ಕಾರ್ಡಿನ ದಪ್ಪ ಸಾಕು. ಹೊರಮೈಗೆ ಒಂದೂವರೆ ಕಾರ್ಡು, ಅಂದರೆ 1ರಿಂದ 1.2 ಮಿಲಿಮೀಟರ್. ಅದಕ್ಕಿಂತ ದಪ್ಪವಾದರೆ ಪರ್ಸು ಮಡಚುವುದಿಲ್ಲ, ಜೇಬಿನಲ್ಲಿ ಇಟ್ಟಿಗೆ ಇಟ್ಟಂತಾಗುತ್ತದೆ. ಷೂವಿನ ಮೇಲ್ಭಾಗಕ್ಕೆ ಸುಮಾರು ಎರಡು ಕಾರ್ಡು. ಪುಸ್ತಕ ಹೊರುವ ಹೆಗಲ ಚೀಲಕ್ಕೆ ಎರಡರಿಂದ ಮೂರು. ಒಂದೇ ಪದರದ ಬೆಲ್ಟಿಗೆ ನಾಲ್ಕರಿಂದ ಐದು, ಅಂದರೆ 3ರಿಂದ 4 ಮಿಲಿಮೀಟರ್. ನೆಲಕ್ಕೆ ಉಜ್ಜಿ ಸವೆಯುವ ಅಟ್ಟೆಗೆ ಆರರಿಂದ ಎಂಟು. ಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸಿ ನಿಮ್ಮ ಬೆಲ್ಟಿನ ಅಂಚಿಗೆ ಹಿಡಿದು ನೋಡಿ. ಅಂಚಿನಲ್ಲಿ ಕಾಣುವುದು ಒಂದೇ ತೊಗಲೋ, ಎರಡು ತೆಳು ಪದರಗಳ ನಡುವೆ ಅಂಟು ಹಾಕಿ ತುಂಬಿದ ರಟ್ಟೋ ಎಂಬುದೂ ಆಗಲೇ ಬಯಲಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಒಂದೇ ವಸ್ತುವಿನಲ್ಲೂ ಎಲ್ಲ ಕಡೆ ಒಂದೇ ದಪ್ಪ ಇರುವಂತಿಲ್ಲ. ಮಡಚಿ ಹೊಲಿಯುವ ಅಂಚನ್ನು ರಂಪಿಗೆಯಿಂದ ಅರ್ಧಕ್ಕರ್ಧ ಹೆರೆಯಬೇಕು. ಹೆರೆಯದಿದ್ದರೆ ಹೊಲಿಗೆಯ ಜಾಗ ಗಂಟಾಗುತ್ತದೆ, ಹೆಚ್ಚು ಹೆರೆದರೆ ಹೊಲಿಗೆಯಲ್ಲೇ ಕಿತ್ತುಬರುತ್ತದೆ. ನಮ್ಮ ತಾತ ಕಣ್ಣು ಬೇರೆಲ್ಲೋ ಇಟ್ಟುಕೊಂಡು ಈ ಕೆಲಸ ಮಾಡುತ್ತಿದ್ದರು. ಉಂಡೆ ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಅದರ ಗುಣ ಹೇಳುವ ನಮ್ಮ ತೋಟದವರನ್ನು ಜಾಣರೆನ್ನುತ್ತೇವೆ. ಬೆರಳಿನಲ್ಲಿ ಅರ್ಧ ಮಿಲಿಮೀಟರ್ ಅಳೆಯುವವರನ್ನು ಏನೆಂದು ಕರೆದಿದ್ದೇವೆ ಎಂಬುದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ದಪ್ಪದ ತೊಗಲು ಮೇಲು, ತೆಳುವಾದದ್ದು ಕೀಳು ಎಂದು ಯಾರೂ ತಿಳಿಯಬಾರದು. ತೊಗಲುಗೊಂಬೆಯಾಟದವರು ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು, ಅದರಲ್ಲಿ ರಾಮ ರಾವಣರನ್ನು ಕೊರೆಯುತ್ತಾರೆ. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗೇ. ತಮಟೆಗೂ ತೆಳುವಾದ ತೊಗಲೇ ಬೇಕು. ಬೆಂಕಿಗೆ ಕಾಯಿಸಿದಾಗ ಬಿಗಿದುಕೊಂಡು ಖಣಿಲೆನ್ನಬೇಕಲ್ಲ. ಅದೇ ಹಿಂದೆ ಕಪಿಲೆಯ ಬಾವಿಯಿಂದ ನೀರೆತ್ತುತ್ತಿದ್ದ ಚೀಲಕ್ಕೆ, ನೊಗಕ್ಕೆ ಬಿಗಿಯುತ್ತಿದ್ದ ಮಿಣಿಗೆ ಗಟ್ಟಿ ದಪ್ಪ ತೊಗಲು. ಯಾವುದರ ಕೆಲಸ ಅದಕ್ಕೆ. ನಮ್ಮ ಅಜ್ಜಂದಿರ ಹೊಲಕ್ಕೆ ನೀರು ಹರಿದದ್ದು, ನೇಗಿಲು ನಡೆದದ್ದು, ದೇವರ ಉತ್ಸವ ಹೊರಟದ್ದು ಎಲ್ಲವೂ ಈ ಅರಿವಿನಿಂದಲೇ. ಉತ್ಸವ ಗುಡಿಯೊಳಗೆ ಹೋಯಿತು, ತಮಟೆ ಹಿಡಿದವರು ಹೊರಗೇ ನಿಂತರು.

ಈಗ ಆಗುತ್ತಿರುವುದನ್ನು ನೋಡಿ. ಸೀಳಿದ ತೊಗಲಿನ ಕೆಳಪದರಕ್ಕೆ ಪ್ಲಾಸ್ಟಿಕ್ ಪೊರೆ ಹೊದಿಸಿ, ಮೇಲೆ ತೊಗಲಿನ ಗೆರೆಗಳ ಅಚ್ಚೊತ್ತಿ, ಅಪ್ಪಟ ಚರ್ಮವೆಂದು ಮಾರುತ್ತಾರೆ. ತೊಗಲೇನೋ ಹೌದು, ಆದರೆ ನೀವು ಮುಟ್ಟುತ್ತಿರುವುದು ಪ್ಲಾಸ್ಟಿಕ್. ಇನ್ನೂ ಕೆಳಗಿನದು ತೊಗಲಿನ ಚೂರುಪುಡಿಗೆ ಅಂಟು ಕಲಸಿ ಹಾಳೆ ಮಾಡಿದ್ದು. ಕೆಲವು ವರ್ಷದ ಹಿಂದೆ ಒಂದು ಸಮಿತಿಯವರು ಬಡ ವಿದ್ಯಾರ್ಥಿಗಳಿಗೆ ಹಂಚಲು ಚರ್ಮದ ಚೀಲಗಳನ್ನು ಕೊಳ್ಳಲು ಹೊರಟರು. ಮೂರು ಕಡೆಯಿಂದ ದರಪಟ್ಟಿ ತರಿಸಿದರು. ಅವರ ಪಟ್ಟಿಯಲ್ಲಿ ಬಣ್ಣ ಇತ್ತು, ಅಳತೆ ಇತ್ತು, ಬಸವಣ್ಣನವರ ಚಿತ್ರ ಎಲ್ಲಿ ಬರಬೇಕೆಂದು ಇತ್ತು. ತೊಗಲಿನ ದಪ್ಪ ಎಷ್ಟಿರಬೇಕು, ಯಾವ ಪದರದ್ದಿರಬೇಕು ಎಂಬ ಒಂದು ಸಾಲೂ ಇರಲಿಲ್ಲ. ತಾತನ ಕೈಯಲ್ಲಿ ಮಾಡಿಸಿ ನಾನು ಕೊಟ್ಟ ದರ ಎಲ್ಲಕ್ಕಿಂತ ಹೆಚ್ಚು. ಸಹಜವಾಗಿಯೇ ಕಡಿಮೆ ದರದವರಿಗೆ ಹೋಯಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಚೀಲಗಳ ಹಿಡಿಕೆ ಕಿತ್ತು, ಮೇಲಿನ ಪೊರೆ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಅದರ ಮೇಲಿದ್ದ ಬಸವಣ್ಣನವರ ಚಿತ್ರವೂ ಜೊತೆಗೆ ಉದುರಿತು. ಯಾರದೂ ದುರುದ್ದೇಶವಿರಲಿಲ್ಲ. ಕೇಳಬೇಕಾದ ಪ್ರಶ್ನೆ ಕೇಳಲು ಬರಲಿಲ್ಲ, ಅಷ್ಟೆ. ಆದರೆ ಆ ಅಜ್ಞಾನದ ಬೆಲೆ ತೆತ್ತವರು ಇಬ್ಬರು: ಚೀಲ ಹೊತ್ತ ಮಗು ಮತ್ತು ಕೆಲಸ ಸಿಗದ ಕಸುಬುದಾರ.

ದಪ್ಪವೊಂದನ್ನೇ ನೋಡಿದರೂ ಸಾಲದು, ಹದವನ್ನೂ ನೋಡಬೇಕು. ನಮ್ಮ ಮೈಸೂರು ಸೀಮೆಯಲ್ಲಿ ಹಿಂದಿನಿಂದ ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ತೊಗಲನ್ನು ಹದ ಮಾಡುತ್ತಿದ್ದರು. ವಾರಗಟ್ಟಲೆ ಹಿಡಿಯುವ ಕೆಲಸ. ಹೀಗೆ ಹದವಾದ ತೊಗಲು ಬಿರುಸು, ರೂಪ ಕೆಡುವುದಿಲ್ಲ. ಬೆಲ್ಟಿಗೆ, ಅಟ್ಟೆಗೆ ಅದೇ ತಕ್ಕದ್ದು. ಇಂದು ಜಗತ್ತಿನ ಹೆಚ್ಚಿನ ಪಾಲು ತೊಗಲು ಕ್ರೋಮಿಯಂ ಲವಣದಲ್ಲಿ ಕೆಲವೇ ದಿನಗಳಲ್ಲಿ ಹದವಾಗುತ್ತದೆ. ಅದು ಮೃದು, ನೀರಿಗೆ ಬೇಗ ಕೆಡದು. ಷೂ ಮೇಲ್ಭಾಗಕ್ಕೆ, ಮೆತ್ತನೆಯ ಚೀಲಕ್ಕೆ ಒಳ್ಳೆಯದು. ಆದರೆ ಅದೇ 3 ಮಿಲಿಮೀಟರ್ ದಪ್ಪದಲ್ಲಿ ಬೆಲ್ಟು ಮಾಡಿದರೆ ಜಗ್ಗುತ್ತದೆ. ಅದರ ಕೊಳಚೆ ನೀರನ್ನು ಶುದ್ಧಿ ಮಾಡದೆ ಬಿಟ್ಟರೆ ಕೆರೆ ಹೊಳೆಗಳಿಗೆ ವಿಷ. ಇದೆಲ್ಲ ದೊಡ್ಡ ವಿಜ್ಞಾನ. ಇದಕ್ಕೆಂದೇ ಚೆನ್ನೈನಲ್ಲಿ 1948ರಲ್ಲೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಆರಂಭವಾಯಿತು. ಸಂಶೋಧಕರು ಪ್ರಯೋಗಶಾಲೆಯಲ್ಲಿ ಮಾಡಿದರೆ ವಿಜ್ಞಾನ, ಕೇರಿಯಲ್ಲಿ ಮಾಡಿದರೆ ಹೊಲಸು ಎನ್ನುವ ಬುದ್ಧಿ ನಮಗೆ ಎಲ್ಲಿಂದ ಬಂತು?

ಇಲ್ಲಿ ಒಂದು ಪ್ರಾಮಾಣಿಕ ಆಕ್ಷೇಪಣೆ ಏಳುತ್ತದೆ. ದಯೆಯನ್ನು ಧರ್ಮದ ಮೂಲವೆಂದು ನಂಬಿದ, ಮಾಂಸ ಮುಟ್ಟದ ಲಿಂಗಾಯತರು ತೊಗಲನ್ನು ಪ್ರೋತ್ಸಾಹಿಸಬಹುದೆ? ಈ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ಪ್ರಾಣಿದಯೆಯಿಂದ ತೊಗಲನ್ನೇ ಬಿಟ್ಟು, ಬಟ್ಟೆಯ ಚೀಲ, ರಬ್ಬರಿನ ಚಪ್ಪಲಿಯಲ್ಲಿ ಬದುಕುವವರಿದ್ದರೆ ಅವರಿಗೆ ನನ್ನ ಶರಣು. ಆದರೆ ನಮ್ಮಲ್ಲಿ ಹೆಚ್ಚಿನವರ ದೂರ ಪ್ರಾಣಿದಯೆಯಿಂದ ಹುಟ್ಟಿದ್ದಲ್ಲ. ಹಾಗಿದ್ದರೆ ತೊಗಲನ್ನು ತೊಡುವುದನ್ನು ಮೊದಲು ಬಿಡುತ್ತಿದ್ದೆವು, ಮಾಡುವವರನ್ನು ದೂರ ಇಡುತ್ತಿರಲಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಸತ್ತ ದನವನ್ನು ಹೊತ್ತೊಯ್ದವರು ಯಾರು, ಅದರ ತೊಗಲಿನ ಮಿಣಿಯನ್ನು ತಂದುಕೊಟ್ಟವರು ಯಾರು? ಮಿಣಿ ಒಳಗೆ ಬಂತು, ತಂದವರು ಹಟ್ಟಿಯಾಚೆ ನಿಂತರು. ಇನ್ನು ತೊಗಲಿಗೆ ಬದಲಾಗಿ ಬಂದಿರುವ ರೆಕ್ಸಿನ್ ಎಂಬುದು ಬಟ್ಟೆಗೆ ಬಳಿದ ಪ್ಲಾಸ್ಟಿಕ್. ಕೆಲವೇ ವರ್ಷದಲ್ಲಿ ಸಿಪ್ಪೆ ಏಳುತ್ತದೆ, ಮಣ್ಣಿನಲ್ಲಿ ಕರಗುವುದಿಲ್ಲ, ದನಗಳ ಹೊಟ್ಟೆಗೂ ಸೇರುತ್ತದೆ. ದಯೆಯ ಲೆಕ್ಕ ಹಾಕುವಾಗ ಇದನ್ನೂ ಸೇರಿಸಬೇಕು.

ಕಸುಬಿನ ಅರಿವಿಗೆ ಬೆಲೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನ ಉತ್ತರದ ತುದಿಯಲ್ಲಿ ಉದಾಹರಣೆಯಿದೆ. ಅಥಣಿ ಎಂದರೆ ನಮಗೆ ಮೊದಲು ನೆನಪಾಗುವುದು ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು. ಅದೇ ಅಥಣಿ ತೊಗಲಿನ ಚಪ್ಪಲಿಗೂ ಹೆಸರಾದ ಊರು. ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಚಪ್ಪಲಿಗಳಲ್ಲಿ ಅಥಣಿ, ನಿಪ್ಪಾಣಿ ಕಡೆಯ ಸಮಗಾರ ಕುಟುಂಬಗಳ ಕೈಕೆಲಸವೂ ಇದೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿಯನ್ನು ಮೂಲದ ಹೆಸರು ಹೇಳದೆ ತೋರಿಸಿತು. ಇಲ್ಲಿಂದ ಗದ್ದಲ ಎದ್ದ ಮೇಲೆ ಭಾರತದ ಕರಕುಶಲಿಗಳೇ ಸ್ಫೂರ್ತಿ ಎಂದು ಒಪ್ಪಿಕೊಂಡಿತು. ಅದೇ ವರ್ಷದ ಕೊನೆಗೆ ಮಹಾರಾಷ್ಟ್ರ ಮತ್ತು ಕರ್ನಾಟಕದ ಚರ್ಮ ಕೈಗಾರಿಕಾ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡಿತು. ಮಿಲಾನಿನವರಿಗೆ ಕಂಡ ಹರಳಯ್ಯನವರ ಕೈಚಳಕ, ಅವರ ಹೆಸರಿನಲ್ಲಿ ಜಯಂತಿ ಮಾಡುವ ನಮಗೆ ಕಾಣಲಿಲ್ಲವೆಂದರೆ ಏನನ್ನಬೇಕು?

ನಮ್ಮ ಕರ್ನಾಟಕದ ನಿಗಮವೆಂದರೆ 1976ರಲ್ಲಿ ಸ್ಥಾಪನೆಯಾದ ಲಿಡ್ಕರ್, ಈಗಿನ ಡಾ. ಬಾಬು ಜಗಜೀವನ ರಾಮ್ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ. ನಮ್ಮ ಹಾಸನ ಜಿಲ್ಲೆಯವರೇ ಆದ ನಟ ಧನಂಜಯ ಅವರು 2023ರಿಂದ ಅದರ ರಾಯಭಾರಿ. ಒಳ್ಳೆಯದೇ. ಆದರೆ ಜಾಹೀರಾತು ಅಂಗಡಿಯ ಬಾಗಿಲವರೆಗೆ ಮಾತ್ರ ಕರೆತರುತ್ತದೆ. ಒಳಗೆ ಬಂದ ಗಿರಾಕಿಗೆ ತೊಗಲಿನ ಅರಿವಿಲ್ಲದಿದ್ದರೆ ಅವನು ಮತ್ತೆ ಕಡಿಮೆ ದರದ ಪ್ಲಾಸ್ಟಿಕ್ ಕಡೆಗೇ ತಿರುಗುತ್ತಾನೆ.

ಇಲ್ಲಿ ನನ್ನಂಥವರಿಗೂ ಒಂದು ಎಚ್ಚರಿಕೆ ಬೇಕು. ತೊಗಲಿನ ವ್ಯಾಪಾರಕ್ಕೆ ಮರ್ಯಾದೆ ಬಂದಾಗ ಲಾಭ ಅಂಗಡಿಯವನಿಗೆ, ಕೂಲಿ ಕಸುಬುದಾರನಿಗೆ ಎಂದಾದರೆ ಅದು ಹಳೆಯ ಅಸಮಾನತೆಗೆ ಹೊಸ ಬಣ್ಣ. ಹಾಗೆಯೇ, ಕಸುಬಿಗೆ ಗೌರವ ಕೊಡಿ ಎಂದರೆ ಆ ಸಮುದಾಯದ ಮಕ್ಕಳು ಅದರಲ್ಲೇ ಉಳಿಯಲಿ ಎಂದು ಅರ್ಥವಲ್ಲ. ತಾತನ ಮೊಮ್ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಅದು ಅವಳ ಹಕ್ಕು, ನಮ್ಮ ಸಂತೋಷ. ಹುಟ್ಟಿನಿಂದ ಕಟ್ಟಿಹಾಕಿದ್ದು ಜಾತಿ, ಅರಿವಿನಿಂದ ಆರಿಸಿಕೊಂಡದ್ದು ಕಾಯಕ. ಹಾಗಾದರೆ ಈ ಕಾಯಕವನ್ನು ಆರಿಸಿಕೊಳ್ಳಲು ಲಿಂಗಾಯತ ಹುಡುಗನೊಬ್ಬ ಮುಂದೆ ಬಂದರೆ ನಾವು ಅವನನ್ನು ಹರಸುತ್ತೇವೆಯೆ? ಅವನಿಗೆ ಹೆಣ್ಣು ಕೊಡುತ್ತೇವೆಯೆ? ಕಲ್ಯಾಣದಲ್ಲಿ ಕೇಳಿದ ಪ್ರಶ್ನೆ ಇದೇ ಆಗಿತ್ತು.

ಮಠಗಳ, ಬಸವ ಸಮಿತಿಗಳ, ಬಳಗಗಳ ಹಿರಿಯರಲ್ಲಿ ನನ್ನ ಬೇಡಿಕೆಗಳು ದೊಡ್ಡವಲ್ಲ. ಸಂಸ್ಥೆಗೆ ಚೀಲ, ಬೆಲ್ಟು, ಪಾದರಕ್ಷೆ ಕೊಳ್ಳುವಾಗ ದರಪಟ್ಟಿಯಲ್ಲಿ ಮೂರು ಸಾಲು ಸೇರಿಸಿ: ತೊಗಲಿನ ದಪ್ಪ ಎಷ್ಟು ಮಿಲಿಮೀಟರ್, ಮೇಲ್ಪದರದ್ದೋ ಕೆಳಪದರದ್ದೋ, ತೊಗಟೆಯ ಹದವೋ ಕ್ರೋಮಿಯಂ ಹದವೋ. ಬಂದ ಸರಕನ್ನು ಅಳತೆಯ ಗೇಜಿನಲ್ಲಿ ಪರೀಕ್ಷಿಸಿ ಪಡೆಯಿರಿ. ಕೆಲಸವನ್ನು ಸಾಧ್ಯವಾದಷ್ಟು ಹತ್ತಿರದ ಕಸುಬುದಾರರಿಗೇ ಕೊಟ್ಟು, ಅವರ ಹೆಸರಿಗೇ ಹಣ ಸಂದಾಯ ಮಾಡಿ. ಪ್ರಸಾದ ನಿಲಯದ ಮಕ್ಕಳಿಗೆ, ಯಾವ ಜಾತಿಯವರೇ ಆಗಲಿ, ವರ್ಷಕ್ಕೆ ಕೆಲವು ದಿನ ಅವರ ಕೈಯಲ್ಲಿ ಪಾಠ ಹೇಳಿಸಿ. ಮಗು ತನ್ನ ಕೈಯಾರೆ ಒಂದು ಪರ್ಸು ಹೊಲಿಯಲಿ, ಅಂಚು ಹೆರೆಯಲು ಹೋಗಿ ಒಂದೆರಡು ತುಂಡು ಕೆಡಿಸಲಿ. ಆಗ ಹರಳಯ್ಯನವರು ಭಾವಚಿತ್ರದಿಂದ ಇಳಿದು ಅದರ ಪಕ್ಕ ಕುಳಿತುಕೊಳ್ಳುತ್ತಾರೆ.

2024ರಲ್ಲಿ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ನಾವೆಲ್ಲ ಹಿಗ್ಗಿದೆವು. ಆ ನಾಯಕರು ತಮ್ಮನ್ನು ಚನ್ನಯ್ಯನವರ, ಕಕ್ಕಯ್ಯನವರ ಮನೆಯವನೆಂದು ಹೇಳಿಕೊಂಡವರು. ಮಠದ ಬಾಗಿಲಲ್ಲಿ ನಾವು ಚಪ್ಪಲಿ ಬಿಡುತ್ತೇವೆ. ಅದು ಶುಚಿಯ ಮಾತು, ಇರಲಿ. ಚಪ್ಪಲಿ ಹೊಲಿದವರನ್ನು ಒಳಗೆ ಕರೆದು, ವೇದಿಕೆಯ ಮೇಲೆ ಕೂರಿಸಿ, ಅವರು ತೊಗಲು ಹಾಸಿ ಪಾಠ ಹೇಳುವುದನ್ನು ಕೆಳಗೆ ಕುಳಿತು ಕೇಳೋಣ. ಬರುವ ಜಯಂತಿಗೆ ಒಂದು ಭಾಷಣ ಕಡಿಮೆ ಮಾಡಿದರೆ ಇದಕ್ಕೆ ಸಮಯ ಸಿಗುತ್ತದೆ.